‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ನ ಜೋ ಗಾರ್ಜರಿ ಓದುಗರಿಗೆ ಯಾಕೆ ಅಷ್ಟು ಇಷ್ಟವಾಗುತ್ತಾನೆ?

ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1860–61ರಲ್ಲಿ ಧಾರಾವಾಹಿಯಾಗಿ ಬರೆದ ಈ ಕಾದಂಬರಿಯಲ್ಲಿ ಕಮ್ಮಾರ ಜೋ, ಬಾಲಕ ಪಿಪ್‌ನ ಭಾವ. ಕ್ರಿಸ್‌ಮಸ್ ಊಟದಲ್ಲಿ ಜೋನ ಹೆಂಡತಿ, ಅಂದರೆ ಪಿಪ್‌ನ ಅಕ್ಕನೂ ಸೇರಿ ದೊಡ್ಡವರೆಲ್ಲ ಪಿಪ್‌ನನ್ನು ಹಂಗಿಸುವಾಗ ಜೋ ಎದುರು ಮಾತಾಡುವುದಿಲ್ಲ. ಸುಮ್ಮನೆ ಅವನ ತಟ್ಟೆಗೆ ಇನ್ನಷ್ಟು ಗ್ರೇವಿ ಬಡಿಸುತ್ತಾನೆ. ಇದನ್ನು ಹೇಡಿತನ ಎನ್ನುವವರಿದ್ದಾರೆ. ಅದು ತಪ್ಪು ಓದು. ಕುಡುಕ ಅಪ್ಪ ತಾಯಿಯನ್ನು ಬಡಿಯುತ್ತಿದ್ದುದನ್ನು ಕಂಡು ಬೆಳೆದವನು ಜೋ. ಹೆಣ್ಣನ್ನು ನೋಯಿಸುವುದಕ್ಕಿಂತ ತಾನೇ ಸಹಿಸಿಕೊಳ್ಳುವುದು ಮೇಲೆಂದು ನಿರ್ಧರಿಸಿದವನು. 7ನೇ ಅಧ್ಯಾಯದಲ್ಲಿ ಅವನೇ ಇದನ್ನು ಪಿಪ್‌ಗೆ ಬಿಡಿಸಿ ಹೇಳುತ್ತಾನೆ.

27ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ದೊಡ್ಡ ಮನುಷ್ಯನಾಗಿ ಲಂಡನ್ನಿನಲ್ಲಿರುವ ಪಿಪ್‌ನನ್ನು ನೋಡಲು ಬಂದ ಜೋ, ತಾನು ಎತ್ತಿ ಆಡಿಸಿದ ಆ ಹುಡುಗನನ್ನೇ ‘ಸರ್’ ಎಂದು ಕರೆಯುತ್ತಾನೆ, ಟೋಪಿ ಮತ್ತೆ ಮತ್ತೆ ಜಾರಿ ಬೀಳುತ್ತದೆ. ಪಿಪ್‌ನ ಸಿಡುಕೇ ಆ ಮುಜುಗರಕ್ಕೆ ಕಾರಣ. ಮುಂದೆ ಜ್ವರ ಹಿಡಿದ ಅದೇ ಪಿಪ್‌ನ ಆರೈಕೆ ಮಾಡಿ, ಸಾಲ ತೀರಿಸಿ, ಚೀಟಿಯೊಂದನ್ನಿಟ್ಟು ಹೊರಟುಹೋಗುತ್ತಾನೆ.