ಗಂಟು ತೆಗೆಸಿದ ಮೇಲೆ ಲೋಕಲ್ ರೈಲು ಹತ್ತಬಹುದೇ?

ಪ್ರಶ್ನೆ: ನನಗೆ 24 ವರ್ಷ. ಎದೆಯಲ್ಲಿ ಫೈಬ್ರೋಅಡಿನೋಮಾ ಎಂಬ ಗಂಟು ಇದೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಲ್ಲವೆಂದು ಬಂದಿದೆ. ಬೆಳೆಯುತ್ತಿರುವುದರಿಂದ ಆಪರೇಷನ್ ಹೇಳಿದ್ದಾರೆ. ಕೆಲಸಕ್ಕೆ ಯಾವಾಗ ಹೋಗಬಹುದು?
– ಓದುಗಿ, ಡೊಂಬಿವಲಿ

ಉತ್ತರ: ಧೈರ್ಯವಾಗಿರು ಮಗಳೇ, ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಜೊತೆಗೆ ಒಬ್ಬರಿರಲಿ. ಗಾಯದ ಸುತ್ತ ಚರ್ಮ ನೀಲಿಗಟ್ಟಿ, ಆಮೇಲೆ ಹಳದಿಗೆ ತಿರುಗುತ್ತದೆ. ಒಳಗೆ ಕೆಲವು ವಾರ ಗಟ್ಟಿ ಅನ್ನಿಸಬಹುದು. ಗಂಟು ಮತ್ತೆ ಬಂತೆಂದು ಗಾಬರಿಬೀಳಬೇಡ, ಅದು ಮಾಯುತ್ತಿರುವ ಗಾಯ. ಆಸರೆ ಕೊಡುವ ಮೆತ್ತನೆಯ ಬ್ರಾ ರಾತ್ರಿಯೂ ಇರಲಿ. ನನ್ನ ಚಿಂತೆಯೆಲ್ಲ ಬೆಳಗ್ಗೆ ಮುಂಬೈನ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುವ ಫಾಸ್ಟ್ ಲೋಕಲ್ ರೈಲಿನದೇ. ಆ ನೂಕುನುಗ್ಗಲಲ್ಲಿ ಮೊಣಕೈ ತಿವಿತ, ಕೈ ಎತ್ತಿ ಹಿಡಿಕೆಗೆ ಜೋತುಬೀಳುವುದು ಒಂದೆರಡು ವಾರ ಬೇಡವೇ ಬೇಡ. ಮನೆಯಿಂದಲೇ ಕೆಲಸ ಕೇಳು. ಜ್ವರ, ಕೀವು, ಏರುವ ಊತ ಕಂಡರೆ ತಕ್ಷಣ ಆಸ್ಪತ್ರೆಗೆ ಫೋನ್ ಮಾಡು. ತೆಗೆದ ಗಂಟು ಲ್ಯಾಬಿಗೆ ಹೋಗುತ್ತದೆ; ಆ ವರದಿಯನ್ನು ಕೇಳಿ ಪಡೆದು ಜೋಪಾನವಾಗಿಡು.