ಮಗಳನ್ನು ಕರಾಟೆಗೆ ಸೇರಿಸುವ ಮುನ್ನ ಏನನ್ನು ನೋಡಬೇಕು?

ನಮಸ್ಕಾರ. ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ನೀಡುವ ಮೂರು ತಿಂಗಳ ಆತ್ಮರಕ್ಷಣೆಯ ತರಬೇತಿ ಮುಗಿದ ಮೇಲೆ ತಮ್ಮ ಏಳನೆಯ ತರಗತಿಯ ಮಗಳು ಬಾಗಲಕೋಟೆಯಲ್ಲಿ ಕರಾಟೆ ಕ್ಲಾಸಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ, ಕೈಕಾಲು ಮುರಿದುಕೊಂಡಾಳೆಂಬ ಅಂಜಿಕೆ ಮನೆಯವರಿಗಿದೆ ಎಂದು ಬರೆದಿದ್ದೀರಿ. ನಾನು ವಿಜಯಪುರದಲ್ಲಿ ಹದಿನಾರು ವರ್ಷಗಳಿಂದ ಶೋಟೋಕಾನ್ ಶೈಲಿಯ ಕರಾಟೆ ಅಭ್ಯಾಸ ಮಾಡುತ್ತಿದ್ದೇನೆ. ಈಚೆಗೆ ಚಿಕ್ಕವರ ಬ್ಯಾಚಿಗೆ ಕಲಿಸುತ್ತಲೂ ಇದ್ದೇನೆ. ನಾನು ಕಂಡಂತೆ ಗಾಯಗಳಲ್ಲಿ ಹೆಚ್ಚಿನವು ಎದುರಾಳಿಯ ಹೊಡೆತದಿಂದ ಆದವಲ್ಲ. ಕಾಲಡಿಯ ನೆಲದಿಂದ, ತನ್ನದೇ ತಪ್ಪು ಭಂಗಿಯಿಂದ, ಎಲ್ಲಕ್ಕಿಂತ ಮಿಗಿಲಾಗಿ ‘ನೋವಾಗಿದೆ’ ಎನ್ನಲು ನಾಚಿದ್ದರಿಂದ ಆದವು.

ನೆಲದ ವಿಷಯ ಮೊದಲು. ನಮ್ಮ ಕಡೆ ಅನೇಕ ಕ್ಲಾಸುಗಳು ಕಲ್ಯಾಣ ಮಂಟಪದ ಫರಸಿಯ ಮೇಲೋ ಶಾಲೆಯ ಸಿಮೆಂಟ್ ಅಂಗಳದಲ್ಲೋ ನಡೆಯುತ್ತವೆ. ಎದುರಾಳಿಯಿಲ್ಲದೆ ಒಬ್ಬರೇ ಕ್ರಮವಾಗಿ ಮಾಡುವ ಚಲನೆಗಳ, ಅಂದರೆ ಕಾತಾ ಅಭ್ಯಾಸಕ್ಕೆ ಅದು ನಡೆದೀತು. ಕಾಲು ಗುಡಿಸಿ ಕೆಡಹುವ ಅಭ್ಯಾಸಕ್ಕೆ ಮಾತ್ರ ಮ್ಯಾಟ್ ಇರಲೇಬೇಕು. ಮ್ಯಾಟ್ ಇದ್ದರೂ ಅದರ ಜೋಡಣೆ ಬಿಟ್ಟಿದ್ದರೆ ಕಾಲ್ಬೆರಳು ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ, ಧೂಳು ಕೂತಿದ್ದರೆ ಜಾರುತ್ತದೆ. ಮಾವಾಶಿ ಗೇರಿ, ಅಂದರೆ ಕಾಲನ್ನು ಬದಿಯಿಂದ ಸುತ್ತಿ ತಂದು ಒದೆಯುವಾಗ ನಿಂತ ಕಾಲಿನ ಪಾದವು ಸೊಂಟದೊಡನೆ ತಿರುಗಬೇಕು. ಪಾದ ನೆಲಕ್ಕೆ ಅಂಟಿಕೊಂಡು ಸೊಂಟವೊಂದೇ ತಿರುಗಿದರೆ ಆ ತಿರುಚು ಪೂರ್ತಿಯಾಗಿ ಮೊಣಕಾಲಿನ ಮೇಲೆ ಬೀಳುತ್ತದೆ. ಹಾಗೆಯೇ ಮುಷ್ಟಿ ಕಟ್ಟುವಾಗ ಹೆಬ್ಬೆರಳನ್ನು ಬೆರಳುಗಳ ಒಳಗೆ ಮಡಚಬಾರದು, ಹೊರಗೆ ಅಡ್ಡಲಾಗಿ ಇಡಬೇಕು. ಪೆಟ್ಟು ತೋರುಬೆರಳು ಮತ್ತು ನಡುಬೆರಳಿನ ಗೆಣ್ಣುಗಳ ಮೇಲೆ ಬೀಳಬೇಕು. ಗಾಳಿಯಲ್ಲಿ ಗುದ್ದುವಾಗ ಮೊಣಕೈಯನ್ನು ಪೂರ್ತಿ ಸೆಟೆಸಿ ಝಾಡಿಸುವ ಚಟವನ್ನು ಮೊದಲ ತಿಂಗಳಲ್ಲೇ ಬಿಡಿಸದಿದ್ದರೆ ಆ ಕೀಲು ಬಹಳ ದಿನ ಕಾಡುತ್ತದೆ.

ಎದುರಾಳಿಯೊಡನೆ ಆಡುವ ಕುಮಿತೆಯೆಂದರೆ ಹೊಡೆದಾಟವೆಂದು ಮನೆಯವರು ಭಾವಿಸುವುದು ಸಹಜ. ಆದರೆ ನಮ್ಮ ಶೈಲಿಯಲ್ಲಿ ಹೊಡೆತವನ್ನು ಗುರಿ ಮುಟ್ಟುವ ಮೊದಲೇ ತಡೆದು ನಿಲ್ಲಿಸುವುದೇ ವಿದ್ಯೆ; ಅದಕ್ಕೆ ಜಪಾನಿಯಲ್ಲಿ ಸುನ್‌ದೊಮೆ ಎನ್ನುತ್ತಾರೆ. ಆ ಹಿಡಿತ ಬರುವವರೆಗೆ ಕುಮಿತೆ ಆಡಿಸದ ಗುರುಗಳು ತಡಮಾಡುತ್ತಿದ್ದಾರೆಂದು ಬೇಸರಿಸಬೇಡಿ.

ತಲೆಯ ಪೆಟ್ಟಿನ ವಿಷಯವನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ಹಸಿರು ಬೆಲ್ಟಿನ ದಿನಗಳಲ್ಲಿ ತಮ್ಮೂರಿನಲ್ಲೇ ನಡೆದ ಒಂದು ಪಂದ್ಯದಲ್ಲಿ ನನ್ನ ಕಿವಿಯ ಮೇಲ್ಭಾಗಕ್ಕೆ ಒದೆ ಬಿತ್ತು. ರೆಫರಿ ಕೇಳಿದಾಗ ‘ಏನೂ ಆಗಿಲ್ರೀ ಸರ್’ ಎಂದು ಇನ್ನೊಂದು ಪಂದ್ಯ ಆಡಿದೆ. ಮರಳುವಾಗ ಕೊಲ್ಹಾರದ ಸೇತುವೆ ದಾಟುವಷ್ಟರಲ್ಲಿ ವಾಂತಿಯಾಯಿತು. ಆ ಎರಡನೆಯ ಪಂದ್ಯದಲ್ಲಿ ನಾನು ಗೆದ್ದೆನೋ ಸೋತೆನೋ ಎಂಬುದು ಇಂದಿಗೂ ನೆನಪಿಲ್ಲ. ತಲೆಗೆ ಪೆಟ್ಟಾಗಿ ಮಂಪರು, ತಲೆನೋವು, ವಾಂತಿ, ಮರೆವು ಇವುಗಳಲ್ಲಿ ಒಂದು ಕಂಡರೂ ಆ ದಿನ ಮತ್ತೆ ಅಭ್ಯಾಸಕ್ಕೆ ಇಳಿಯಕೂಡದು, ವೈದ್ಯರಿಗೆ ತೋರಿಸಬೇಕು, ಅವರು ಒಪ್ಪಿದ ಮೇಲೆ ಹಂತಹಂತವಾಗಿ ಮರಳಬೇಕು. ಹೆಡ್ ಗಾರ್ಡ್ ಚರ್ಮ ಹರಿಯುವುದನ್ನು ಕಡಿಮೆ ಮಾಡೀತು. ತಲೆಬುರುಡೆಯೊಳಗೆ ಮಿದುಳು ಅಲುಗುವುದನ್ನು ಅದು ತಡೆಯಲಾರದು.

ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲು ತಮಗೆ ಗೊತ್ತೇ ಇದೆ. 40 ಡಿಗ್ರಿ ದಾಟುವ ದಿನಗಳಲ್ಲಿ ಅಭ್ಯಾಸ ನಸುಕಿನಲ್ಲೇ ಮುಗಿಯಬೇಕು. ನಡುವೆ ನೀರು ಕುಡಿಯಬಾರದೆಂಬ ಹಳೆಯ ಶಿಸ್ತನ್ನು ನಾನು ಒಪ್ಪುವುದಿಲ್ಲ.

ಇನ್ನು ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವದ ಪ್ರದರ್ಶನಗಳು. ಹಂಚು ಒಡೆಯುವುದು, ಅಂಗೈ ಮೇಲೆ ಬೈಕ್ ಹಾಯಿಸುವುದು ಚಪ್ಪಾಳೆಗಾಗಿ ನಡೆಯುವ ಆಟಗಳು. ಬೆಳೆಯುವ ಮಕ್ಕಳ ಮೂಳೆಯ ತುದಿ ಇನ್ನೂ ಮೆತ್ತಗಿರುತ್ತದೆ, ಆದ್ದರಿಂದ ಮಗಳನ್ನು ಇಂಥವಕ್ಕೆ ಕಳುಹಿಸಲು ಸ್ಪಷ್ಟವಾಗಿ ನಿರಾಕರಿಸಿ.

ಸೇರಿಸುವ ಮುಂಚೆ ಒಂದು ಸಂಜೆ ಕ್ಲಾಸಿನ ಮೂಲೆಯಲ್ಲಿ ಕುಳಿತು ನೋಡಿ. ಮೊದಲ ಹತ್ತು ನಿಮಿಷ ಮೈ ಬಿಸಿ ಮಾಡಿಸುತ್ತಾರೆಯೇ, ಉಗುರು, ಬಳೆ, ಓಲೆಗಳನ್ನು ಪರೀಕ್ಷಿಸುತ್ತಾರೆಯೇ, ಯಾವುದೋ ಮಗು ಕಾಲು ಹಿಡಿದು ಕುಳಿತಾಗ ಗುರುಗಳು ಬಾಗಿ ನೋಡುತ್ತಾರೋ ಅಥವಾ ‘ಏಳು, ಏನೂ ಆಗಿಲ್ಲ’ ಎಂದು ಗದರುತ್ತಾರೋ ಗಮನಿಸಿ. ಗದರಿದರೆ ಬೇರೆ ಕ್ಲಾಸು ಹುಡುಕಿ. ಗ್ಲೌಸು, ಶಿನ್ ಗಾರ್ಡ್ ಕೊಳ್ಳಲು ಕುಮಿತೆ ಶುರುವಾಗುವವರೆಗೆ ಸಮಯವಿದೆ. ಅವನ್ನು ಬೇರೆಯವರಿಂದ ಎರವಲು ಪಡೆದರೂ ನಡೆಯುತ್ತದೆ, ಹಲ್ಲಿನ ಗಾರ್ಡ್ ಮಾತ್ರ ಅವಳದೇ ಇರಲಿ.