ಡಾಕ್‌ಗೆ ಹಾಕಿದರೆ ಹಾರ್ಡ್ ಡಿಸ್ಕ್ ಯಾಕೆ ನಿಧಾನ?

ಪ್ರಶ್ನೆ: ನಾನಿರುವುದು ಡೊಂಬಿವಲಿಯಲ್ಲಿ. ವಾರವಿಡೀ ಮನೆಯಿಂದಲೇ ಆಫೀಸ್ ಕೆಲಸ. ರಜೆ ಇದ್ದಾಗ ಮುಂಬೈಯಲ್ಲಿ ನಡೆಯುವ ಯಕ್ಷಗಾನ, ತಾಳಮದ್ದಲೆಗಳ ವಿಡಿಯೊ ಮಾಡುತ್ತೇನೆ. ಒಂದು ಆಟಕ್ಕೆ 128 ಜಿಬಿಯಷ್ಟು ಫೈಲ್ ಆಗುತ್ತದೆ. ಲ್ಯಾಪ್‌ಟಾಪಿನಿಂದ ಪೋರ್ಟಬಲ್ ಹಾರ್ಡ್ ಡಿಸ್ಕಿಗೆ ಹಾಕಲು ಮೊದಲು ಇಪ್ಪತ್ತು ನಿಮಿಷ ಸಾಕಿತ್ತು. ಕಳೆದ ತಿಂಗಳು 4ಕೆ ಮಾನಿಟರ್ ಮತ್ತು ಒಂದು ಡಾಕ್ (ಮಾನಿಟರ್, ಡಿಸ್ಕ್ ಎಲ್ಲವನ್ನೂ ಒಂದೇ ಕೇಬಲಿನಲ್ಲಿ ಲ್ಯಾಪ್‌ಟಾಪಿಗೆ ಸೇರಿಸುವ ಪೆಟ್ಟಿಗೆ) ತಂದು ಎಲ್ಲವನ್ನೂ ಅದಕ್ಕೇ ಜೋಡಿಸಿದೆ. ಈಗ ಒಂದು ಗಂಟೆ ಹಿಡಿಯುತ್ತದೆ. ವೇಗ ಸೆಕೆಂಡಿಗೆ 38 ಎಂಬಿ (ಮೆಗಾಬೈಟ್) ದಾಟುವುದೇ ಇಲ್ಲ. ಡಾಕ್ ಹಾಳಾಗಿದೆ, ಬೇರೆ ತಗೊಳ್ಳಿ ಅಂತ ಅಂಗಡಿಯವರು ಹೇಳುತ್ತಾರೆ. ತಗೊಳ್ಳಲಾ?

ಉತ್ತರ: ಬೇಡ, ಈಗಲೇ ದುಡ್ಡು ಹಾಕಬೇಡಿ. ನೀವು 38 ಅಂತ ಅಂಕಿ ಬರೆದದ್ದು ಬಹಳ ಒಳ್ಳೆಯದಾಯಿತು. ಸುಮ್ನೆ 'ನಿಧಾನ' ಅಂದಿದ್ದರೆ ಹತ್ತು ಕಡೆ ಹುಡುಕಬೇಕಾಗುತ್ತಿತ್ತು. ಈ ಅಂಕಿಯೇ ಅರ್ಧ ಉತ್ತರ.

2000ದಲ್ಲಿ ಬಂದ ಯುಎಸ್‌ಬಿ 2.0ರ ವೇಗ ಸೆಕೆಂಡಿಗೆ 480 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಲೆಕ್ಕದಲ್ಲಿ 60 ಮೆಗಾಬೈಟ್ ಆಯಿತು, ಆದರೆ ಕೈಗೆ ಸಿಗುವುದು 35ರಿಂದ 40 ಮಾತ್ರ. ನಿಮ್ಮ ಅಂಕಿ ಸರಿಯಾಗಿ ಅಲ್ಲೇ ನಿಂತಿದೆ ಅಲ್ವಾ? ಕೆಟ್ಟ ಡಿಸ್ಕ್ ಹೀಗೆ ಒಂದೇ ಸಮ ಓಡುವುದಿಲ್ಲ. ಏರುತ್ತದೆ, ಇಳಿಯುತ್ತದೆ, ಮಧ್ಯೆ ಸೊನ್ನೆಗೂ ಬರುತ್ತದೆ. ನಿಮ್ಮದು ಕೆಟ್ಟಿಲ್ಲ. 2008ರಲ್ಲಿ ಬಂದ ಯುಎಸ್‌ಬಿ 3.0ರ 5 ಗಿಗಾಬಿಟ್ ದಾರಿಯಲ್ಲಿ ಹೋಗಬೇಕಾದದ್ದು ಎಲ್ಲೋ ಹಳೇ ದಾರಿಗೆ ಇಳಿದಿದೆ. ಎಲ್ಲಿ ಇಳಿಯಿತು ಅಂತ ಹುಡುಕಬೇಕು, ಅಷ್ಟೇ.

ನನಗೆ ಜಾಸ್ತಿ ಅನುಮಾನ ಇರುವುದು ಹೊಸ ಮಾನಿಟರ್ ಮೇಲೆ. ಡಾಕ್‌ನಿಂದ ಲ್ಯಾಪ್‌ಟಾಪಿಗೆ ಹೋಗುವುದು ಒಂದೇ ಟೈಪ್-ಸಿ ಕೇಬಲ್. ಅದರೊಳಗೆ ವೇಗದ ನಾಲ್ಕು ಹಳಿಗಳಿವೆ ಅಂದುಕೊಳ್ಳಿ. ಜೊತೆಗೆ ಯುಎಸ್‌ಬಿ 2.0ಕ್ಕೆ ಅಂತಲೇ ಬೇರೆ ಒಂದು ಜೋಡಿ ತಂತಿ ಇದೆ. ಚಿತ್ರಕ್ಕೆ ಎರಡು ಹಳಿ ಕೊಟ್ಟರೆ ಉಳಿದ ಎರಡರಲ್ಲಿ ಫೈಲ್‌ಗಳು ವೇಗವಾಗಿ ಓಡುತ್ತವೆ. ಆದರೆ 4ಕೆ ಚಿತ್ರವನ್ನು 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಸಲ, ತೋರಿಸಲು ಕೆಲವು ಡಾಕ್‌ಗಳು ನಾಲ್ಕೂ ಹಳಿಗಳನ್ನು ಮಾನಿಟರಿಗೇ ಕೊಟ್ಟುಬಿಡುತ್ತವೆ. ಫಾಸ್ಟ್ ಲೋಕಲ್ ರೈಲಿನ ಹಳಿಗಳೆಲ್ಲ ರಿಪೇರಿಗೆ ಬ್ಲಾಕ್ ಆದ ಭಾನುವಾರ ಆ ರೈಲುಗಳೂ ಸ್ಲೋ ಹಳಿಗೆ ಇಳಿಯುತ್ತವೆ ಅಂತ ಡೊಂಬಿವಲಿಯವರಿಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಫೈಲ್‌ಗಳು ಆ ಹಳೇ ಜೋಡಿ ತಂತಿಯಲ್ಲಿ ಬರುತ್ತಿರಬೇಕು.

ಪರೀಕ್ಷೆ ಸುಲಭ. ಮೊದಲು ಡಿಸ್ಕನ್ನು ನೇರವಾಗಿ ಲ್ಯಾಪ್‌ಟಾಪಿಗೆ ಹಾಕಿ ಒಂದು ದೊಡ್ಡ ವಿಡಿಯೊ ಫೈಲ್ ಕಾಪಿ ಮಾಡಿ. ಸಣ್ಣ ಸಣ್ಣ ಫೋಟೊ ಬೇಡ, ಅವು ಎಲ್ಲಿ ಹಾಕಿದರೂ ನಿಧಾನವೇ. 100ರಿಂದ 130 ಎಂಬಿ ಬಂದರೆ ಡಿಸ್ಕ್ ಸರಿಯಿದೆ. ಆಮೇಲೆ ಡಾಕ್‌ನಿಂದ ಮಾನಿಟರ್ ಕೇಬಲ್ ತೆಗೆಯಿರಿ. ಡಾಕ್‌ನ ಟೈಪ್-ಸಿ ಕೇಬಲನ್ನೂ ಲ್ಯಾಪ್‌ಟಾಪಿನಿಂದ ಕಿತ್ತು ಮತ್ತೆ ಹಾಕಿ. ಇದನ್ನು ಬಿಡಬೇಡಿ, ಹಳಿ ಹಂಚಿಕೆ ನಡೆಯುವುದೇ ಜೋಡಿಸುವ ಆ ಕ್ಷಣದಲ್ಲಿ. ಈಗ ಡಾಕ್ ಮೂಲಕ ಅದೇ ಫೈಲ್ ಕಾಪಿ ಮಾಡಿ. ವೇಗ ನೂರು ದಾಟಿದರೆ ಕಾರಣ ಸಿಕ್ಕಿತು. ಮಾನಿಟರನ್ನು ಲ್ಯಾಪ್‌ಟಾಪಿನ ಸ್ವಂತ ಎಚ್‌ಡಿಎಂಐ ಪೋರ್ಟಿಗೆ ಹಾಕಿ, ಉಳಿದದ್ದೆಲ್ಲ ಡಾಕ್‌ನಲ್ಲೇ ಇರಲಿ. ಒಂದು ರೂಪಾಯಿ ಖರ್ಚಿಲ್ಲ. ಎಚ್‌ಡಿಎಂಐ ಇಲ್ಲವಾದರೆ, ಕಾಪಿ ಮಾಡುವಾಗ ಡಿಸ್ಕನ್ನು ಲ್ಯಾಪ್‌ಟಾಪಿಗೇ ನೇರ ಹಾಕುವುದು ಒಳ್ಳೆಯದು.

ಮಾನಿಟರ್ ತೆಗೆದರೂ 38 ಇದ್ದರೆ? ಆಗ ಹಾರ್ಡ್ ಡಿಸ್ಕಿನ ಕೇಬಲ್ ನೋಡಿ. ಡಿಸ್ಕಿಗೆ ಹೋಗುವ ಆ ಚಪ್ಪಟೆ, ಅಗಲ ತುದಿಯಲ್ಲಿ ಎರಡು ಭಾಗ ಇರುತ್ತದೆ, ಒಂದು ದೊಡ್ಡದು, ಪಕ್ಕದಲ್ಲಿ ಒಂದು ಚಿಕ್ಕದು. ಆ ಚಿಕ್ಕ ಭಾಗದಲ್ಲೇ ವೇಗದ ಐದು ಪಿನ್‌ಗಳಿವೆ. ಅದು ಒಂದು ಕೂದಲೆಳೆ ಹೊರಗಿದ್ದರೂ ದೊಡ್ಡ ಭಾಗ ಕೆಲಸ ಮಾಡುತ್ತಲೇ ಇರುತ್ತದೆ. ಡಿಸ್ಕ್ ಕಾಣುತ್ತದೆ, ಫೈಲ್ ತೆರೆಯುತ್ತದೆ, ವೇಗ ಮಾತ್ರ ಇಲ್ಲ. ನನ್ನ ಸ್ವಂತ ಡಿಸ್ಕಿನಲ್ಲಿ ಇದೇ ಆಗಿ ಎರಡು ದಿನ ಒದ್ದಾಡಿದ್ದೇನೆ. ಟಾರ್ಚ್ ಹಾಕಿ ನೋಡಿದಾಗ ಆ ಚಿಕ್ಕ ಭಾಗದೊಳಗೆ ಬ್ಯಾಗಿನ ನೂಲಿನ ಉಂಡೆ ಸಿಕ್ಕಿಕೊಂಡಿತ್ತು. ನಮ್ಮ ಮಳೆಗಾಲದ ತೇವಕ್ಕೆ ಪಿನ್ ಮೇಲೆ ಹಸಿರು ಕಿಲುಬೂ ಕೂರುತ್ತದೆ. ಡಿಸ್ಕನ್ನು ಲ್ಯಾಪ್‌ಟಾಪಿನಿಂದ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೆತ್ತನೆ ಬ್ರಷ್‌ನಿಂದ ಒರೆಸಿ, ಒಣಗಿದ ಮೇಲೆ ಹಾಕಿ.

ಟೈಪ್-ಸಿ ಕೇಬಲ್ ಬದಲಾಯಿಸಿದ್ದೀರಾ ಅಂತ ನೀವು ಬರೆದಿಲ್ಲ. ಮೊಬೈಲ್ ಚಾರ್ಜರಿನ ಎಷ್ಟೋ ಕೇಬಲ್‌ಗಳಲ್ಲಿ ವೇಗದ ತಂತಿಗಳೇ ಇರುವುದಿಲ್ಲ. ಆದರೆ ಅಂಥ ಕೇಬಲ್ ಇದ್ದಿದ್ದರೆ ಸಾಮಾನ್ಯವಾಗಿ ನಿಮ್ಮ ಮಾನಿಟರಿಗೂ ಚಿತ್ರ ಬರುತ್ತಿರಲಿಲ್ಲ.

ಇಷ್ಟೆಲ್ಲ ಮಾಡಿದರೂ ಆಗದಿದ್ದರೆ ಡಾಕ್‌ನ ಪೆಟ್ಟಿಗೆ ಓದಿ. '4ಕೆ 60' ಅಂತ ದೊಡ್ಡದಾಗಿ ಹಾಕಿ, ಪೋರ್ಟ್ ಯುಎಸ್‌ಬಿ 2.0 ಅಂತ ಸಣ್ಣ ಅಕ್ಷರದಲ್ಲಿ ಬರೆದ ಡಾಕ್‌ಗಳೂ ಇವೆ. ನಿಮ್ಮದು ಅಂಥದ್ದಾದರೆ ಅದು ಹಾಳಾಗಿಲ್ಲ, ಅದರ ಮಿತಿಯೇ ಅಷ್ಟು. ಆಗ ಮಾತ್ರ ಬದಲಾಯಿಸುವ ಯೋಚನೆ ಮಾಡಿ. ಲ್ಯಾಪ್‌ಟಾಪಿನಲ್ಲಿ ಥಂಡರ್‌ಬೋಲ್ಟ್ 4 (ಟೈಪ್-ಸಿ ಆಕಾರದ್ದೇ, ಇನ್ನೂ ವೇಗದ ಪೋರ್ಟ್) ಇದ್ದರೆ ಅದೇ ಜಾತಿಯ ಡಾಕ್ ತಗೊಳ್ಳಿ. 40 ಗಿಗಾಬಿಟ್ ದಾರಿ ಅದು, ಚಿತ್ರಕ್ಕೂ ಫೈಲಿಗೂ ಜಾಗ ಇರುತ್ತದೆ. ಬೆಲೆ ಮಾತ್ರ ಜಾಸ್ತಿ.

ಪ್ರಶ್ನೆ: ಡಾಕ್‌ಗೆ ಹಾರ್ಡ್ ಡಿಸ್ಕ್ ಹಾಕಿದ ಕೂಡಲೇ ನನ್ನ ವೈರ್‌ಲೆಸ್ ಮೌಸ್ ತಡವರಿಸುತ್ತದೆ. ಮೌಸ್ ಬದಲಾಯಿಸಿದರೂ ಹಾಗೇ. (ಮಾಟುಂಗದ ಓದುಗರು)

ಉತ್ತರ: ಮೌಸಿನ ತಪ್ಪಲ್ಲ. ಯುಎಸ್‌ಬಿ 3.0 ಓಡುವಾಗ ಏಳುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಹತ್ತಿರವೂ ಹರಡುತ್ತದೆ, ಮೌಸ್ ಮಾತಾಡುವುದೂ ಅಲ್ಲೇ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ಮೌಸಿನ ಪುಟ್ಟ ರಿಸೀವರ್ ಡಿಸ್ಕಿನ ಪಕ್ಕದ ಪೋರ್ಟಿನಲ್ಲಿದ್ದರೆ ತೆಗೆದು ಲ್ಯಾಪ್‌ಟಾಪಿನ ಇನ್ನೊಂದು ಬದಿಗೆ ಹಾಕಿ. ಅಲ್ಲಿ ಪೋರ್ಟ್ ಇಲ್ಲದಿದ್ದರೆ ಒಂದು ಗೇಣು ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ರಿಸೀವರನ್ನು ಮೌಸ್ ಹತ್ತಿರ ತನ್ನಿ.